ಕಬ್ಬಿಣದ ಭೀಮನ ಲೆಕ್ಕ

ಭೀಮನೊಡನೆ ಒಂದಲ್ಲ ಒಂದು ದಿನ ಗದೆ ಹಿಡಿದು ನಿಲ್ಲಬೇಕಾದೀತು ಎಂದು ಗೊತ್ತಿದ್ದ ದುರ್ಯೋಧನ, ಭೀಮನದೊಂದು ಕಬ್ಬಿಣದ ಪ್ರತಿಮೆ ಮಾಡಿಸಿ 13 ವರ್ಷ ಅದರ ಮೇಲೆ ಗದೆ ಬೀಸಿ ಪಳಗಿದ ಎನ್ನುತ್ತದೆ ಮಹಾಭಾರತ. ಆ ಕಾಳಗವನ್ನೇ ಎತ್ತಿಕೊಂಡು ಹತ್ತನೆಯ ಶತಮಾನದಲ್ಲಿ ಕಾವ್ಯ ಕಟ್ಟಿದ ರನ್ನ ಮುಧೋಳದವನು. ಮಹಾಭಾರತದಲ್ಲಿ ಆ ಕಾಳಗ ಶುರುವಾದಾಗ ಅರ್ಜುನನಿಗೆ ಸಹಜವಾದ ಒಂದು ಪ್ರಶ್ನೆ ಹುಟ್ಟುತ್ತದೆ: ಇಬ್ಬರಲ್ಲಿ ಯಾರು ಹೆಚ್ಚು? ಕೃಷ್ಣ ಒಂದೇ ಹೆಸರು ಹೇಳಿ ಮುಗಿಸುವುದಿಲ್ಲ. ಇಬ್ಬರಿಗೂ ಸಿಕ್ಕ ಪಾಠ ಒಂದೇ, ಬಲದಲ್ಲಿ ಭೀಮ ಮೇಲು, ಅಭ್ಯಾಸದಲ್ಲಿ ದುರ್ಯೋಧನ ಮೇಲು ಎಂದು ಒಂದು ಪ್ರಶ್ನೆಯನ್ನು ಎರಡಾಗಿ ಸೀಳುತ್ತಾನೆ. ಈ ಅಧ್ಯಾಯ ಹೇಳಹೊರಟಿರುವುದೂ ಅದನ್ನೇ. ದುರ್ಯೋಧನನ ಕಬ್ಬಿಣದ ಭೀಮನಿಗೆ ಒಂದು ಕೊರತೆಯಿತ್ತು: ಇವತ್ತಿನ ಏಟು ನಿನ್ನೆಯದಕ್ಕಿಂತ ಎಷ್ಟು ಜೋರು ಎಂದು ಅದು ಹೇಳುತ್ತಿರಲಿಲ್ಲ. ನಮ್ಮ ಕಾಲದ ಕಬ್ಬಿಣದ ಭೀಮಗಳು ಹೇಳುತ್ತವೆ. ಅವುಗಳಲ್ಲಿ ತುಂಬ ಚೊಕ್ಕವಾಗಿ ಲೆಕ್ಕ ಕೊಡುವುದು ರೋಯಿಂಗ್ ಮಷಿನ್, ಅಂದರೆ ನೀರಿಲ್ಲದೆ, ದೋಣಿಯಿಲ್ಲದೆ, ನಾಲ್ಕು ಗೋಡೆಗಳ ನಡುವೆ ಹುಟ್ಟು ಹಾಕುವ ಯಂತ್ರ. ಅದರ ಪರದೆಯ ಮೇಲೆ ಮೂಡುವ ಅಂಕಿ ಸುಳ್ಳಾಡುವುದಿಲ್ಲ. ಆದರೆ ಸುಳ್ಳಾಡದ ಅಂಕಿಯಿಂದಲೂ ತಪ್ಪು ತೀರ್ಮಾನಕ್ಕೆ ಬರಬಹುದು. ಯಾವ ಪ್ರಶ್ನೆಗೆ ಬಂದ ಉತ್ತರ ಎಂಬುದನ್ನು ಮರೆತರೆ ಸಾಕು.

ಹೋಲಿಕೆಯ ಕಷ್ಟ ಕೃಷ್ಣಾ, ಘಟಪ್ರಭಾ ನದಿಗಳ ನಡುವಿನ ರನ್ನನ ಈ ಸೀಮೆಗೆ ಹೊಸದೇನಲ್ಲ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಯ ಸುತ್ತಿನ ಊರುಗಳ ಜಾತ್ರೆಯಲ್ಲಿ ತೆರಬಂಡಿ ಸ್ಪರ್ಧೆ ನಡೆಯುತ್ತದೆ. ಭಾರದ ಬಂಡಿಯನ್ನು ಜೋಡೆತ್ತುಗಳು ಗೊತ್ತುಮಾಡಿದ ಸಮಯದೊಳಗೆ ಎಷ್ಟು ದೂರ ಎಳೆದವು ಎಂದು ಅಡಿ, ಇಂಚುಗಳಲ್ಲಿ ಅಳೆಯುತ್ತಾರೆ. ನೋಡಲು ಒರಟಾದ ಈ ಆಟದೊಳಗೆ ಭೌತವಿಜ್ಞಾನದ ಪ್ರಯೋಗವೊಂದರ ಶಿಸ್ತಿದೆ. ಬಂಡಿ ಅದೇ, ಹೇರು ಅದೇ, ಕಣ ಅದೇ, ಗಡಿಯಾರ ಅದೇ. ಬದಲಾಗುವುದು ಎತ್ತು ಮಾತ್ರ. ಉಳಿದದ್ದನ್ನೆಲ್ಲ ಕಟ್ಟಿಹಾಕಿ ಒಂದನ್ನು ಮಾತ್ರ ಬಿಟ್ಟಾಗಲೇ ಅಡಿ-ಇಂಚಿನ ಲೆಕ್ಕಕ್ಕೆ ಅರ್ಥ. ಒಂದು ಜೋಡಿ ಒಣ ನೆಲದಲ್ಲೂ ಇನ್ನೊಂದು ಮಳೆ ಬಿದ್ದ ಕೆಸರಲ್ಲೂ ಎಳೆದರೆ ಎತ್ತಿನ ಒಡೆಯರು ಒಪ್ಪುವುದಿಲ್ಲ. ಹದಿನೆಂಟನೆಯ ಶತಮಾನದಲ್ಲಿ ಜೇಮ್ಸ್ ವಾಟ್ ತನ್ನ ಉಗಿಯಂತ್ರವನ್ನು ಮಾರಲು ಮಾಡಿದ್ದೂ ಇಂಥದೇ ಲೆಕ್ಕ. ಒಂದು ಕುದುರೆ ಒಂದು ನಿಮಿಷದಲ್ಲಿ 33,000 ಪೌಂಡು ತೂಕವನ್ನು ಒಂದು ಅಡಿ ಎತ್ತುವಷ್ಟು ಕೆಲಸ ಮಾಡುತ್ತದೆ ಎಂದು ಅವನು ಗೊತ್ತುಮಾಡಿದ. ಇಂದಿನ ಅಳತೆಯಲ್ಲಿ ಅದು ಸುಮಾರು 746 ವಾಟ್. ಬಲ ಎಷ್ಟು, ಎಷ್ಟು ದೂರ, ಎಷ್ಟು ಹೊತ್ತಿನಲ್ಲಿ ಎಂಬ ಮೂರು ಪ್ರಶ್ನೆಗಳು ಸೇರಿದರೆ ವಾಟ್ ಹುಟ್ಟುತ್ತದೆ. ತೆರಬಂಡಿಯ ಪಂಚರು ಕೇಳುವುದೂ ಈ ಮೂರನ್ನೇ.

ರೋಯಿಂಗ್ ಮಷಿನ್ನಿಗೆ ವಿಜ್ಞಾನದ ಭಾಷೆಯಲ್ಲಿ ಎರ್ಗೋಮೀಟರ್ ಎಂದು ಹೆಸರು. ಗ್ರೀಕಿನ ‘ಎರ್ಗಾನ್’ ಎಂದರೆ ಕೆಲಸ, ಶ್ರಮ. ಹಾಗಾಗಿ ಅದನ್ನು ಕನ್ನಡದಲ್ಲಿ ಶ್ರಮಮಾಪಕ ಎನ್ನಬಹುದು. ರೈತರು ತಾವೇ ಹಣ ಕೂಡಿಸಿ, ತಾವೇ ದುಡಿದು 1989ರಲ್ಲಿ ಕೃಷ್ಣೆಗೆ ಚಿಕ್ಕಪಡಸಲಗಿಯಲ್ಲಿ ಬ್ಯಾರೇಜು ಕಟ್ಟಿ, ನಿಂತ ನೀರಿಗೆ ಶ್ರಮಬಿಂದು ಸಾಗರ ಎಂದು ಹೆಸರಿಟ್ಟ ಜಮಖಂಡಿ ತಾಲೂಕಿನಲ್ಲಿ ಈ ಮಾತಿಗೆ ಹೆಚ್ಚಿನ ವಿವರಣೆ ಬೇಕಿಲ್ಲ. ಯಂತ್ರದ ಒಳಗುಟ್ಟು ಸರಳ. ಜಾರುವ ಪೀಠದ ಮೇಲೆ ಕೂತು, ಕಾಲಿನಿಂದ ಒದ್ದು, ಬೆನ್ನು ಹಿಂದಕ್ಕೆ ವಾಲಿಸಿ, ಕೈಯಿಂದ ಹಿಡಿಕೆಯನ್ನು ಎದೆಯ ಕೆಳಕ್ಕೆ ಎಳೆಯುತ್ತೇವೆ. ಹಿಡಿಕೆಗೆ ಕಟ್ಟಿದ ಸರಪಳಿ ರೆಕ್ಕೆಗಳಿರುವ ಒಂದು ಚಕ್ರವನ್ನು ತಿರುಗಿಸುತ್ತದೆ. ರೆಕ್ಕೆಗಳು ಗಾಳಿಯನ್ನು ಸೀಳಬೇಕು. ತಡೆಯೊಡ್ಡುವುದು ಆ ಗಾಳಿಯೇ. ನಾವು ಮುಂದಿನ ಎಳೆತಕ್ಕಾಗಿ ಮುಂದಕ್ಕೆ ಜಾರುವಾಗ ಚಕ್ರ ತನ್ನಷ್ಟಕ್ಕೆ ತಿರುಗುತ್ತ ನಿಧಾನವಾಗುತ್ತದೆ. ಅದು ಎಷ್ಟು ಬೇಗ ನಿಧಾನವಾಯಿತು ಎಂಬುದನ್ನು ಯಂತ್ರದ ಪುಟ್ಟ ಗಣಕ ಪ್ರತಿ ಎಳೆತದ ನಂತರವೂ ಅಳೆದು, ಈ ಹೊತ್ತಿನ ಗಾಳಿಯ ತಡೆ ಇಷ್ಟು ಎಂದು ಕಂಡುಕೊಳ್ಳುತ್ತದೆ. ಚಕ್ರದ ಜಡತ್ವ ಮೊದಲೇ ಗೊತ್ತು, ತಡೆಯೂ ಗೊತ್ತಾಯಿತು. ಅಲ್ಲಿಗೆ ಎಳೆದವನು ಎಷ್ಟು ಕೆಲಸ ಮಾಡಿದ ಎಂಬುದು ಸಿಕ್ಕಂತೆಯೇ. ಆ ಕೆಲಸದಿಂದ ದೋಣಿಯೊಂದು ನೀರಿನಲ್ಲಿ ಎಷ್ಟು ವೇಗವಾಗಿ ಹೋದೀತು ಎಂದು ಲೆಕ್ಕಹಾಕಿ, 500 ಮೀಟರಿಗೆ ಇಷ್ಟು ಹೊತ್ತು ಎಂದು ತೋರಿಸುತ್ತದೆ.

ಇಲ್ಲಿಯೇ ಮೊದಲ ತಪ್ಪು ಹೋಲಿಕೆ ನುಸುಳುತ್ತದೆ. ಚಕ್ರದ ಗೂಡಿನ ಪಕ್ಕದಲ್ಲಿ 1ರಿಂದ 10ರವರೆಗೆ ಅಂಕಿಗಳಿರುವ ಒಂದು ಸನ್ನೆ ಇರುತ್ತದೆ. ಜಿಮ್‌ಗೆ ಹೊಸದಾಗಿ ಬಂದ ಹುರಿಯಾಳು ಅದನ್ನು 10ಕ್ಕೆ ತಳ್ಳಿ, 4ರಲ್ಲಿ ಎಳೆಯುವವನನ್ನು ಕನಿಕರದಿಂದ ನೋಡುವುದು ಲೋಕರೂಢಿ. ಆದರೆ ಆ ಸನ್ನೆ ತೂಕವನ್ನು ಏರಿಸುವುದಿಲ್ಲ. ಗೂಡಿನೊಳಕ್ಕೆ ಗಾಳಿ ನುಗ್ಗುವ ಬಾಗಿಲನ್ನು ಹಿಗ್ಗಿಸುತ್ತದೆ, ಕುಗ್ಗಿಸುತ್ತದೆ. 10ರಲ್ಲಿ ಚಕ್ರ ಬೇಗ ನಿಧಾನವಾಗುವುದರಿಂದ ಪ್ರತಿ ಎಳೆತವೂ ಹೇರು ತುಂಬಿದ ಬಂಡಿಯನ್ನು ನಿಂತಲ್ಲಿಂದ ಕಿತ್ತ ಹಾಗಿರುತ್ತದೆ. 4ರಲ್ಲಿ ಓಡುತ್ತಿರುವ ಬಂಡಿಯನ್ನು ಇನ್ನಷ್ಟು ಓಡಿಸಿದ ಹಾಗೆ. ಎರಡರಲ್ಲೂ ಗಣಕ ಎಣಿಸುವುದು ಸಂದ ಕೆಲಸವನ್ನು ಮಾತ್ರ. ಆದ್ದರಿಂದ 10ರಲ್ಲಿ ಎಳೆದ 200 ವಾಟ್, 4ರಲ್ಲಿ ಎಳೆದ 200 ವಾಟ್‌ಗಿಂತ ಒಂದು ಎಳೆಯೂ ದೊಡ್ಡದಲ್ಲ. ಇದೇ ಗುಣ ಯಂತ್ರವನ್ನು ಊರಿಂದೂರಿಗೂ ನಂಬುವಂತೆ ಮಾಡಿದೆ. ಮಗ್ಗಗಳ ಸದ್ದು ತುಂಬಿದ ಬನಹಟ್ಟಿಯ ಓಣಿಯೊಂದರಲ್ಲಿ ಯಂತ್ರವಿಟ್ಟರೆ ಹತ್ತಿಯ ನವಿರು ಗೂಡಿನ ಜಾಲರಿಗೆ ಮೆತ್ತಿ ಗಾಳಿ ಕಡಿಮೆಯಾದೀತು. ಬೇಸಿಗೆಯ 40 ಡಿಗ್ರಿಯಲ್ಲಿ ಗಾಳಿ 20 ಡಿಗ್ರಿಯ ಗಾಳಿಗಿಂತ ಸುಮಾರು 6 ಪ್ರತಿಶತ ತೆಳುವಾದೀತು. ಎಳೆತ ಹಗುರ ಅನ್ನಿಸಬಹುದು. ಲೆಕ್ಕ ಮಾತ್ರ ಕೆಡುವುದಿಲ್ಲ, ಏಕೆಂದರೆ ತಡೆಯನ್ನು ಗಣಕ ಊಹಿಸುವುದಿಲ್ಲ, ಪ್ರತಿ ಸಲವೂ ಅಳೆಯುತ್ತದೆ. ಹೀಗೆ ಅಳೆಯದೆ ಅಂದಾಜಿನ ಮೇಲೆ ಅಂಕಿ ತೋರಿಸುವ ಅಗ್ಗದ ಅಯಸ್ಕಾಂತದ ಯಂತ್ರಗಳೂ ಇವೆ. ಅವು ಮೈ ಬೆವರಿಸಲು ಸಾಕು. ಅವುಗಳ ಅಂಕಿಯನ್ನು ಇನ್ನೊಂದು ಯಂತ್ರದ ಅಂಕಿಯ ಪಕ್ಕದಲ್ಲಿಟ್ಟರೆ ಎರಡು ಊರಿನ ಬೇರೆ ಬೇರೆ ಕೊಳಗಗಳಲ್ಲಿ ಜೋಳ ಅಳೆದ ಹಾಗಾಗುತ್ತದೆ.

ಎರಡನೆಯ ತಪ್ಪು ಎಳೆತಗಳ ಎಣಿಕೆಯದು. ನಿಮಿಷಕ್ಕೆ 34 ಸಲ ಎಳೆಯುವವನು 24 ಸಲ ಎಳೆಯುವವನಿಗಿಂತ ಚುರುಕಾಗಿ ಕಾಣುತ್ತಾನೆ. ರಬಕವಿಯ ನೇಕಾರರಿಗೆ ಈ ಭ್ರಮೆ ಇರಲಾರದು. ಲಾಳಿ ಎಷ್ಟು ಸಲ ಹಾಯಿತು ಎಂಬುದರಿಂದ ಎಷ್ಟು ಬಟ್ಟೆ ಆಯಿತು ಎಂದು ಹೇಳಲಾಗದು. ಒಂದು ಇಂಚಿಗೆ ಹೊಕ್ಕಿನ ಎಳೆಗಳು 50 ಇದ್ದರೆ 100 ಸಲ ಹಾಯ್ದ ಲಾಳಿ 2 ಇಂಚು ನೇಯುತ್ತದೆ. 80 ಇದ್ದರೆ ಒಂದೂಕಾಲು ಇಂಚು. ಹುಟ್ಟಿನಲ್ಲೂ ಹಾಗೆಯೇ: ಒಂದು ಎಳೆತದಲ್ಲಿ ಎಷ್ಟು ಕೆಲಸ ಸಂದಿತು ಎಂಬುದನ್ನು ಎಳೆತಗಳ ಎಣಿಕೆಯಿಂದ ಗುಣಿಸಿದರೆ ಮಾತ್ರ ವಾಟ್ ಬರುತ್ತದೆ. 2000 ಮೀಟರನ್ನು 8 ನಿಮಿಷದಲ್ಲಿ ಮುಗಿಸಲು ಸರಾಸರಿ ಸುಮಾರು 202 ವಾಟ್ ಬೇಕು. ನಿಮಿಷಕ್ಕೆ 24 ಎಳೆತವಾದರೆ ಪ್ರತಿ ಎಳೆತಕ್ಕೆ ಸುಮಾರು 506 ಜೂಲ್, 30 ಎಳೆತವಾದರೆ 405 ಜೂಲ್. ಮೊದಲನೆಯದು ಸ್ನಾಯುಗಳ ಮೇಲೆ ಹೊರೆ ಹಾಕುತ್ತದೆ, ಎರಡನೆಯದು ಉಸಿರಿನ ಮೇಲೆ. ಯಾವುದು ಒಗ್ಗುತ್ತದೆ ಎಂಬುದು ಆಯಾ ಮೈಕಟ್ಟಿಗೆ ಬಿಟ್ಟದ್ದು. ಪರದೆಯ ಅಂಕಿಗೆ ಎರಡೂ ಒಂದೇ.

ಮೂರನೆಯ ತಪ್ಪು ಸಮಯವನ್ನೇ ಶಕ್ತಿಯೆಂದು ಓದುವುದು. ಒಬ್ಬ 2000 ಮೀಟರನ್ನು 8 ನಿಮಿಷದಲ್ಲಿ, ಇನ್ನೊಬ್ಬ 7 ನಿಮಿಷದಲ್ಲಿ ಮುಗಿಸಿದರೆ ಎಂಟರಲ್ಲಿ ಒಂದು ಪಾಲು, ಅಂದರೆ 12.5 ಪ್ರತಿಶತದ ವ್ಯತ್ಯಾಸ ಅನ್ನಿಸುತ್ತದೆ. ಗಾಳಿ, ನೀರುಗಳ ಸ್ವಭಾವ ಬೇರೆ. ವೇಗ ಎರಡು ಪಟ್ಟಾದರೆ ಅವು ಒಡ್ಡುವ ತಡೆ ನಾಲ್ಕು ಪಟ್ಟಾಗುತ್ತದೆ. ಆ ತಡೆಯ ವಿರುದ್ಧ ಎರಡು ಪಟ್ಟು ವೇಗದಲ್ಲಿ ದುಡಿಯಬೇಕಾದ್ದರಿಂದ ಬೇಕಾಗುವ ಶಕ್ತಿ ಎಂಟು ಪಟ್ಟು. ವೇಗದ ಘನಕ್ಕೆ ತಕ್ಕಂತೆ ಶಕ್ತಿ ಏರುತ್ತದೆ ಎಂಬ ಈ ನಿಯಮವನ್ನೇ ಯಂತ್ರದ ಲೆಕ್ಕದಲ್ಲೂ ಅಳವಡಿಸಿದ್ದಾರೆ. 8 ನಿಮಿಷಕ್ಕೆ 202 ವಾಟ್ ಸಾಕಾದರೆ 7 ನಿಮಿಷಕ್ಕೆ 302 ವಾಟ್ ಬೇಕು, 6 ನಿಮಿಷಕ್ಕೆ 480. ಮೊದಲ ಒಂದು ನಿಮಿಷ ಇಳಿಸಲು 100 ವಾಟ್ ತೆತ್ತವನು ಮುಂದಿನ ನಿಮಿಷಕ್ಕೆ ಸುಮಾರು 178 ವಾಟ್ ತೆರಬೇಕು. ಹೊಸಬ ಮೊದಲ ಎರಡು ತಿಂಗಳಲ್ಲಿ 30 ಸೆಕೆಂಡು ಇಳಿಸಿ, ಮುಂದಿನ ಆರು ತಿಂಗಳಲ್ಲಿ 5 ಸೆಕೆಂಡಿಗೆ ತಿಣುಕುವುದರ ಒಂದು ಕಾರಣ ಇದು. ಅವನ ಉತ್ಸಾಹ ಬತ್ತಿದೆ ಎಂದು ಗೊಣಗುವ ಮೊದಲು ಘನದ ಈ ಲೆಕ್ಕವನ್ನು ನೋಡಬೇಕು.

ಹಾಗಾದರೆ ಎಲ್ಲವನ್ನೂ ವಾಟ್‌ಗೆ ಇಳಿಸಿಬಿಟ್ಟರೆ ಹೋಲಿಕೆ ಸಲೀಸಾಗುವುದೇ? ಜಾತ್ರೆಯ ಇನ್ನೊಂದು ಪಂದ್ಯ ಅದಕ್ಕೆ ಅಡ್ಡಬರುತ್ತದೆ. ಒಂದು ಕ್ವಿಂಟಲ್ ಚೀಲವನ್ನು ನೆಲದಿಂದ ಹೆಗಲಿಗೆ, ಎಂದರೆ ಸುಮಾರು ಒಂದೂವರೆ ಮೀಟರ್ ಎತ್ತರಕ್ಕೆ, 2 ಸೆಕೆಂಡಿನಲ್ಲಿ ಎತ್ತಿದವನು ಚೀಲಕ್ಕೆ 1470 ಜೂಲ್ ಕೊಟ್ಟಿರುತ್ತಾನೆ. ಅದು 735 ವಾಟ್. ಜೇಮ್ಸ್ ವಾಟ್‌ನ ಕುದುರೆಗೆ ಹೆಚ್ಚುಕಡಿಮೆ ಸಮ. 2018ರಲ್ಲಿ ಆಸ್ಟ್ರೇಲಿಯಾದ ಜೋಶ್ ಡಂಕ್ಲಿ-ಸ್ಮಿತ್ ಯಂತ್ರದ ಮೇಲೆ 2000 ಮೀಟರನ್ನು 5 ನಿಮಿಷ 35.8 ಸೆಕೆಂಡಿನಲ್ಲಿ ಮುಗಿಸಿ ವಿಶ್ವದಾಖಲೆ ಬರೆದಾಗ ಅವರ ಸರಾಸರಿ ಸುಮಾರು 592 ವಾಟ್. ಅಂದರೆ ನಮ್ಮ ಚೀಲದ ಪೈಲವಾನ ವಿಶ್ವದಾಖಲೆಗಿಂತ ಮೇಲು. ಎರಡು ಸೆಕೆಂಡಿನ ಮಟ್ಟಿಗೆ! 8 ನಿಮಿಷದ ಸಾಧಾರಣ ಹುಟ್ಟಿನಲ್ಲಿ ಒಟ್ಟು ಸಲ್ಲುವ ಕೆಲಸ ಸುಮಾರು 97,000 ಜೂಲ್. ಅಷ್ಟು ಕೆಲಸಕ್ಕೆ ಆ ಪೈಲವಾನ ಚೀಲವನ್ನು 66 ಸಲ, ಏಳೇಳು ಸೆಕೆಂಡಿಗೊಮ್ಮೆ, ಹೆಗಲಿಗೇರಿಸುತ್ತಲೇ ಇರಬೇಕು. ಒಂದು ಸಲ ಎತ್ತಲು ಸ್ನಾಯುವಿನೊಳಗೆ ಮೊದಲೇ ಕೂಡಿಟ್ಟ ಇಂಧನ ಸಾಕು, ಉಸಿರು ಬಿಗಿಹಿಡಿದೇ ಮುಗಿಸಬಹುದು. ಎಂಟು ನಿಮಿಷದ ದುಡಿಮೆಗೆ ಬೇಕಾದ ಶಕ್ತಿಯ ಬಹುಪಾಲು ಆಗಿಂದಾಗ ಉಸಿರಾಡಿದ ಆಮ್ಲಜನಕದಿಂದಲೇ ಬರಬೇಕು. ಮೊದಲನೆಯದು ಗಂಟಿನ ಹಣ, ಎರಡನೆಯದು ದಿನಗೂಲಿ. ಇಂಗ್ಲೆಂಡಿನ ಎ.ವಿ. ಹಿಲ್, ಸ್ನಾಯುಗಳ ಸಂಶೋಧನೆಗಾಗಿ 1922ರ ನೊಬೆಲ್ ಪಡೆದವರು, 1925ರಲ್ಲಿ ಆಟಗಳ ದಾಖಲೆಗಳನ್ನು ಸಮಯದ ಜೊತೆ ಹೋಲಿಸಿ ತೋರಿಸಿದ್ದು ಇದನ್ನೇ: ಹೊತ್ತು ಹೆಚ್ಚಿದಂತೆ ಶಕ್ತಿ ಮೊದಲು ಕಡಿದಾಗಿ, ಆಮೇಲೆ ಮೆಲ್ಲಗೆ ಇಳಿಯುತ್ತದೆ. ಆದ್ದರಿಂದ ಎಷ್ಟು ವಾಟ್ ಎಂದು ಕೇಳಿದ ಉಸಿರಿನಲ್ಲೇ ಎಷ್ಟು ಹೊತ್ತು ಎಂದೂ ಕೇಳಬೇಕು.

ಈಗ ಎಲ್ಲಕ್ಕಿಂತ ಜಟಿಲವಾದ ಅಳತೆಗೆ, ಮೈತೂಕಕ್ಕೆ ಬರೋಣ. ಲೆಕ್ಕಕ್ಕಾಗಿ ಇಬ್ಬರನ್ನು ಕಲ್ಪಿಸಿಕೊಳ್ಳಿ. ಒಬ್ಬ ತಾಲೀಮಿನಲ್ಲಿ ಬೆಳೆದ 90 ಕೆ.ಜಿ.ಯ ಪೈಲವಾನ, 2000 ಮೀಟರನ್ನು 7 ನಿಮಿಷ 20 ಸೆಕೆಂಡಿನಲ್ಲಿ ಮುಗಿಸುತ್ತಾನೆ. ಇನ್ನೊಬ್ಬ 60 ಕೆ.ಜಿ.ಯ ಸೈಕಲ್ ಪಟು. ಅವನಿಗೆ 8 ನಿಮಿಷ ಬೇಕು. ವಾಟ್ ನೋಡಿದರೆ ಪೈಲವಾನನದು 263, ಸೈಕಲ್ ಪಟುವಿನದು 202, ಗೆದ್ದವನು ಪೈಲವಾನ. ವಾಟನ್ನು ತೂಕದಿಂದ ಭಾಗಿಸಿದರೆ ಪೈಲವಾನನಿಗೆ ಕೆ.ಜಿ.ಗೆ 2.9, ಸೈಕಲ್ ಪಟುವಿಗೆ 3.4, ಗೆದ್ದವನು ಸೈಕಲ್ ಪಟು. ಯಂತ್ರ ತಯಾರಿಸುವ ಅಮೆರಿಕದ ಕಾನ್ಸೆಪ್ಟ್2 ಕಂಪನಿ ತೂಕ ಸರಿದೂಗಿಸಲು ಒಂದು ಸೂತ್ರ ಕೊಟ್ಟಿದೆ: ಪೌಂಡುಗಳಲ್ಲಿರುವ ಮೈತೂಕವನ್ನು 270ರಿಂದ ಭಾಗಿಸಿ, ಬಂದದ್ದನ್ನು 0.222ರ ಘಾತಕ್ಕೆ ಏರಿಸಿ, ಅದರಿಂದ ಸಮಯವನ್ನು ಗುಣಿಸಬೇಕು. ಹಾಗೆ ಮಾಡಿದರೆ ಸೈಕಲ್ ಪಟುವಿನ ಸಮಯ 6 ನಿಮಿಷ 50 ಸೆಕೆಂಡು, ಪೈಲವಾನನದು 6 ನಿಮಿಷ 51 ಸೆಕೆಂಡು, ಸರಿಸುಮಾರು ಸಮಬಲ. ಅದೇ ಎರಡು ಮೈ, ಅದೇ ಎರಡು ಎಳೆತ, ಮೂರು ತೀರ್ಪು. ಇದರಲ್ಲಿ ಯಾವ ತೀರ್ಪೂ ತಪ್ಪಲ್ಲ, ಪ್ರಶ್ನೆಗಳು ಬೇರೆಯಷ್ಟೇ. ಕಟ್ಟಿಗೆಯ ಹೊರೆ ಎಳೆಯಲು ಯಾರನ್ನು ಕರೆಯಲಿ ಎಂದರೆ ಮೊದಲನೆಯ ಉತ್ತರ, ತನ್ನ ಮೈಯನ್ನೇ ಏರಿನ ಮೇಲೆ ಹೊತ್ತೊಯ್ಯುವವನು ಯಾರು ಎಂದರೆ ಎರಡನೆಯದು, ತನಗೆ ದಕ್ಕಿದ ಮೈಗಾತ್ರವನ್ನು ಚೆನ್ನಾಗಿ ದುಡಿಸಿಕೊಂಡವನು ಯಾರು ಎಂದರೆ ಮೂರನೆಯದು.

ಆ 0.222 ಎಲ್ಲಿಂದಲೋ ಉದುರಿದ ಅಂಕಿಯಂತೆ ಕಾಣುತ್ತದೆ. ಅದು ಒಂಬತ್ತರಲ್ಲಿ ಎರಡು ಪಾಲು ಎಂದು ಗಮನಿಸಿದರೆ ಅದರ ಹಿಂದಿನ ತರ್ಕ ತೆರೆದುಕೊಳ್ಳುತ್ತದೆ. ಮೈ ಎಲ್ಲ ದಿಕ್ಕಿನಲ್ಲೂ ಎರಡು ಪಟ್ಟು ದೊಡ್ಡದಾದರೆ ತೂಕ ಎಂಟು ಪಟ್ಟಾಗುತ್ತದೆ, ಆದರೆ ಮೇಲ್ಮೈ ನಾಲ್ಕೇ ಪಟ್ಟು. ಸ್ನಾಯುವಿನ ಅಡ್ಡಗಾತ್ರವೂ, ಗಾಳಿಯಿಂದ ಆಮ್ಲಜನಕ ಹೀರುವ ಪುಪ್ಪುಸದ ಹರವೂ ಈ ಮೇಲ್ಮೈಯ ಜಾತಿಗೆ ಸೇರಿದವು. ಹೀಗಾಗಿ ಮೈಯ ದುಡಿಮೆಯ ಶಕ್ತಿ ತೂಕದಷ್ಟೇ ಏರದೆ, ಸ್ಥೂಲವಾಗಿ ಅದರ ಮೂರರಲ್ಲಿ ಎರಡರ ಘಾತದಂತೆ ಏರುತ್ತದೆ. ವೇಗವೋ, ಮೇಲೆ ನೋಡಿದಂತೆ, ಶಕ್ತಿಯ ಘನಮೂಲ; ಎಂದರೆ ಮೂರರಲ್ಲಿ ಒಂದರ ಘಾತ. ಎರಡನ್ನೂ ಗುಣಿಸಿದರೆ ಒಂಬತ್ತರಲ್ಲಿ ಎರಡು. ಮುಧೋಳದ ಬೇಟೆನಾಯಿಗೂ ತೆರಬಂಡಿಯ ಎತ್ತಿಗೂ ಇರುವ ಅಂತರದ ಹಿಂದೆಯೂ ಒಂದಿಷ್ಟು ಇದೇ ಗಣಿತವಿದೆ. ನಾಯಿ ಬಂಡಿ ಎಳೆಯದು, ಎತ್ತು ಮೊಲ ಹಿಡಿಯದು, ಆದರೂ ಯಾವುದು ಹೆಚ್ಚು ಬಲಿಷ್ಠ ಎಂದು ಜಾತ್ರೆಯಲ್ಲಿ ಯಾರೂ ಜಗಳಕ್ಕಿಳಿಯುವುದಿಲ್ಲ. ಮನುಷ್ಯರ ವಿಷಯಕ್ಕೆ ಬಂದಾಗ ಮಾತ್ರ ನಾವು ಈ ವಿವೇಕವನ್ನು ಬಿಟ್ಟುಕೊಡುತ್ತೇವೆ.

ತೂಕದ ಈ ಸರಿದೂಗಿಕೆ ಸಣ್ಣಾಳುಗಳಿಗೆ ಕೊಟ್ಟ ರಿಯಾಯಿತಿ, ನೀರು ಯಾರಿಗೂ ರಿಯಾಯಿತಿ ಕೊಡುವುದಿಲ್ಲ ಎಂಬ ಆಕ್ಷೇಪ ಬಲವಾದದ್ದು. ಅದಕ್ಕೆ ಆಧಾರವೂ ಇದೆ. 1996ರಿಂದ ಒಲಿಂಪಿಕ್ಸ್‌ನಲ್ಲಿದ್ದ ಹಗುರ ತೂಕದ ರೋಯಿಂಗ್ ವಿಭಾಗ 2024ರ ಪ್ಯಾರಿಸ್‌ಗೆ ಮುಗಿಯಿತು. ಇನ್ನು ಅಲ್ಲಿ ದೊಡ್ಡವರೂ ಸಣ್ಣವರೂ ಒಂದೇ ನೀರಿನಲ್ಲಿ ಇಳಿಯಬೇಕು. ಆದರೆ ಪದಕ ಯಾರಿಗೆ ಎಂಬುದು ಒಂದು ಪ್ರಶ್ನೆ, ತಾಲೀಮು ಯಾರಿಗೆ ಫಲಿಸಿದೆ ಎಂಬುದು ಇನ್ನೊಂದು. ಕುಸ್ತಿಯಲ್ಲಿ ತೂಕದ ವರ್ಗಗಳನ್ನು ಒಪ್ಪಿರುವ ನಾವು ಅದನ್ನು ರಿಯಾಯಿತಿ ಎನ್ನುವುದಿಲ್ಲ, ನ್ಯಾಯವಾದ ಜೋಡಿ ಎನ್ನುತ್ತೇವೆ. ಈ ಭಾಗದ ಸೈಕ್ಲಿಂಗ್ ಇದಕ್ಕೆ ಇನ್ನೂ ಒಳ್ಳೆಯ ಉದಾಹರಣೆ. ರಾಜ್ಯದ ಸೈಕಲ್ ಪಟುಗಳಲ್ಲಿ ಅನೇಕರು ಬಾಗಲಕೋಟೆ, ವಿಜಯಪುರ ಜಿಲ್ಲೆಗಳವರು. ಎರಡೂ ಕಡೆ ಸರ್ಕಾರದ ಕ್ರೀಡಾ ವಸತಿನಿಲಯಗಳಿವೆ. ಅವರ ಆಟದಲ್ಲಿ ನೆಲವೇ ಪ್ರಶ್ನೆ ಕೇಳುತ್ತದೆ. ಎರೆಹೊಲಗಳ ನಡುವಿನ ಸಪಾಟು ರಸ್ತೆಯಲ್ಲಿ ಮುಖ್ಯ ಎದುರಾಳಿ ಗಾಳಿ. ಅಲ್ಲಿ ಒಟ್ಟು ವಾಟ್ ಹೆಚ್ಚಿರುವ ದೊಡ್ಡಾಳಿಗೆ ಲಾಭ. ಘಟ್ಟದ ಏರಿನಲ್ಲಿ ಎದುರಾಳಿ ತನ್ನದೇ ತೂಕ, ಅಲ್ಲಿ ಕೆ.ಜಿ.ಗೆ ಹೆಚ್ಚು ವಾಟ್ ಇರುವ ಸಣಕಲನಿಗೆ ಲಾಭ. ಅದೇ ಇಬ್ಬರು ಒಂದೇ ಬೆಳಿಗ್ಗೆ ಎರಡು ರಸ್ತೆಗಳಲ್ಲಿ ಅದಲುಬದಲಾಗಿ ಗೆಲ್ಲಬಲ್ಲರು. ರೋಯಿಂಗ್ ಮಷಿನ್ ನೆಲಕ್ಕೆ ಊರಿ ನಿಂತಿದೆ. ತೂಕ ಹೊರುವ ಕಷ್ಟವನ್ನು ಪೀಠವೇ ನುಂಗಿಕೊಳ್ಳುತ್ತದೆ. ಆದ್ದರಿಂದ ಅದು ಸಪಾಟು ರಸ್ತೆಯಂತೆ ದೊಡ್ಡಾಳಿನ ಪಕ್ಷಪಾತಿ. ಈ ಪಕ್ಷಪಾತ ಗೊತ್ತಿದ್ದರೆ ಲೆಕ್ಕದಲ್ಲಿ ಕಳೆಯಬಹುದು, ಗೊತ್ತಿಲ್ಲದಿದ್ದರೆ ಅದನ್ನೇ ಪ್ರತಿಭೆ ಎಂದು ಭ್ರಮಿಸುತ್ತೇವೆ.

ಇನ್ನೊಂದು ಆಕ್ಷೇಪ ಹುಟ್ಟುಗಾರರದೇ: ಯಂತ್ರ ತೇಲುವುದಿಲ್ಲ. ಬೀಳಗಿಯ ಕಡೆ ಆಲಮಟ್ಟಿಯ ಹಿನ್ನೀರು ಹರಡಿರುವಲ್ಲಿ ನಿಂತರೆ ಈ ಮಾತಿನ ತೂಕ ಗೊತ್ತಾಗುತ್ತದೆ. ಕೊರ್ತಿ-ಕೊಲ್ಹಾರ ಸೇತುವೆಯ ಉದ್ದ ಸುಮಾರು 3 ಕಿಲೋಮೀಟರ್. ಅದರ ಮೂರರಲ್ಲಿ ಎರಡು ಪಾಲು ಎಂದರೆ ಒಂದು ಒಲಿಂಪಿಕ್ ಪಂದ್ಯದ ದೂರ. ಆ ನೀರಿನ ಮೇಲೆ ಗಾಳಿಯಿದೆ, ಅಲೆಯಿದೆ, ಅರೆಗಳಿಗೆ ಮೈ ವಾಲಿದರೆ ಮಗುಚುವ ತೆಳ್ಳನೆಯ ದೋಣಿಯಿದೆ. ಹುಟ್ಟಿನ ಅಲಗು ನೀರಿಗಿಳಿಯುವ ಕ್ಷಣ ತಪ್ಪಿದರೆ ವಾಟ್‌ಗಳು ತುಂತುರಾಗಿ ಹಾರಿಹೋಗುತ್ತವೆ. ಇದಾವುದೂ ಯಂತ್ರಕ್ಕೆ ತಿಳಿಯದು. ಆದರೆ ಈ ಆಕ್ಷೇಪ ಯಂತ್ರವನ್ನು ತಳ್ಳಿಹಾಕುವುದಿಲ್ಲ, ಅದರ ಗಡಿಯನ್ನು ಗುರುತಿಸುತ್ತದೆ ಅಷ್ಟೇ. ಮಹಾರಾಷ್ಟ್ರದ ನಾಸಿಕ್ ಜಿಲ್ಲೆಯ ಬರದ ಹಳ್ಳಿಯಿಂದ ಬಂದ ದತ್ತು ಭೋಕನಾಳ ಸೈನ್ಯಕ್ಕೆ ಸೇರಿದ್ದು 2012ರಲ್ಲಿ. ಹುಟ್ಟು ಹಿಡಿಯಲು ಕಲಿತದ್ದು ಅಲ್ಲಿಯೇ. 2016ರ ರಿಯೋ ಒಲಿಂಪಿಕ್ಸ್‌ನ ಒಂಟಿ ದೋಣಿಯ ಸ್ಪರ್ಧೆಯಲ್ಲಿ ಅವರು 13ನೆಯವರಾದರು, 2018ರ ಏಷ್ಯನ್ ಕ್ರೀಡಾಕೂಟದಲ್ಲಿ ನಾಲ್ವರ ದೋಣಿಯಲ್ಲಿ ಚಿನ್ನ ಗೆದ್ದ ತಂಡದಲ್ಲಿದ್ದರು. ನೀರಿನ ಪರಿಚಯ ತಡವಾಗಿ ಆದರೂ, ಮೈಯೊಳಗಿನ ಯಂತ್ರ ದೊಡ್ಡದಿದ್ದರೆ ಕಸುಬನ್ನು ಆಮೇಲೆ ಕಲಿಯಬಹುದು ಎಂಬುದಕ್ಕೆ ಇದು ಸಾಕ್ಷಿ. ಎರ್ಗೋಮೀಟರ್ ಅಳೆಯುವುದು ಆ ಒಳಯಂತ್ರವನ್ನು. ಕೃಷ್ಣನ ಮಾತಿನಲ್ಲಿ ಹೇಳುವುದಾದರೆ ಅದು ಭೀಮನ ಪಾಲನ್ನು ಅಳೆಯುತ್ತದೆ, ದುರ್ಯೋಧನನ ಪಾಲು ನೀರಿನ ಮೇಲಷ್ಟೇ ಕಾಣಿಸುತ್ತದೆ.

ತಾಲೀಮಿನ ವಿಷಯದಲ್ಲೂ ತಪ್ಪು ಹೋಲಿಕೆ ಕೆಡುಕು ಮಾಡುತ್ತದೆ. ಅಂಕಿ ಕಣ್ಣೆದುರೇ ಕುಣಿಯುತ್ತಿರುವಾಗ ದಿನಾಲೂ ನಿನ್ನೆಯ ದಾಖಲೆ ಮುರಿಯುವ ಚಪಲ ಏಳುತ್ತದೆ. ಪುರಾವೆ ಬೇರೆಯ ಕಡೆ ಕೈ ತೋರಿಸುತ್ತದೆ. ನಾರ್ವೆಯ ಅಂತರರಾಷ್ಟ್ರೀಯ ಮಟ್ಟದ ಹುಟ್ಟುಗಾರರ 1970ರಿಂದ 2001ರವರೆಗಿನ ತರಬೇತಿಯನ್ನು ಫಿಸ್ಕರ್‌ಸ್ಟ್ರಾಂಡ್ ಮತ್ತು ಸೈಲರ್ ಎಂಬ ಸಂಶೋಧಕರು 2004ರಲ್ಲಿ ಹೋಲಿಸಿ ನೋಡಿದರು. ಆ ಮೂರು ದಶಕಗಳಲ್ಲಿ ಯಂತ್ರದ ಮೇಲಿನ ಸಾಧನೆ ಸುಮಾರು 10 ಪ್ರತಿಶತ ಏರಿತ್ತು. ಆದರೆ ಏದುಸಿರು ಬರಿಸುವ ತೀವ್ರ ತರಬೇತಿ ತಿಂಗಳಿಗೆ ಸುಮಾರು 23 ಗಂಟೆಯಿಂದ 7 ಗಂಟೆಗೆ ಇಳಿದಿತ್ತು. ಮಾತಾಡುತ್ತಲೇ ಮಾಡಬಹುದಾದ ಹಗುರ ತರಬೇತಿ 30 ಗಂಟೆಯಿಂದ 50ಕ್ಕೆ ಏರಿತ್ತು. ಬೆವರು ಧಾರೆಯಾಗಿ ಇಳಿಯದ ತಾಲೀಮು ತಾಲೀಮೇ ಅಲ್ಲ ಎಂಬುವವರು ಇದನ್ನು ಒಪ್ಪಲಾರರು; ಒಂದು ಅಧ್ಯಯನದಿಂದ ಕಾರಣ-ಪರಿಣಾಮ ಸಿದ್ಧವಾಗದು ಎಂಬ ಅವರ ವಾದವೂ ಸರಿ. ಆದರೂ ಜೀವಕೋಶದೊಳಗೆ ನಡೆಯುವ ಕೆಲಸ ಈ ಪುರಾವೆಗೆ ಹೊಂದುತ್ತದೆ. ಸ್ನಾಯುವಿನೊಳಗೆ ಸಣ್ಣ ರಕ್ತನಾಳಗಳು ಕವಲೊಡೆಯುವುದು, ಇಂಧನ ಉರಿಸುವ ಮೈಟೊಕಾಂಡ್ರಿಯಗಳು ಹೆಚ್ಚುವುದು ಗಂಟೆಗಟ್ಟಲೆಯ ಸಮಾಧಾನದ ದುಡಿಮೆಗೆ ಚೆನ್ನಾಗಿ ಸ್ಪಂದಿಸುತ್ತವೆ. ದಿನಾ ತುದಿಮುಟ್ಟ ಎಳೆದರೆ ಅಷ್ಟು ಗಂಟೆ ಮಾಡಲು ಮೈಯೇ ಉಳಿಯುವುದಿಲ್ಲ. ಸೀಮೆಯ ಬಾವಿ ಒಂದೇ ದಿನದ ಗುಡುಗು ಮಳೆಗೆ ತುಂಬುವುದಿಲ್ಲ, ಜಿಟಿಜಿಟಿ ಮಳೆ ಇಂಗಿ ತುಂಬುತ್ತದೆ.

ಅಂಕಿಗಳ ನಡುವಿನ ಸಣ್ಣ ಅಂತರವನ್ನು ಓದುವಾಗಲೂ ಇಂಥದೇ ತಾಳ್ಮೆ ಬೇಕು. ಪಳಗಿದ ಹುಟ್ಟುಗಾರರು ಕೆಲವೇ ದಿನಗಳ ಅಂತರದಲ್ಲಿ ಎರಡು ಸಲ 2000 ಮೀಟರ್ ಎಳೆದಾಗಲೂ ಸಮಯ ಅರ್ಧ ಪ್ರತಿಶತದ ಆಸುಪಾಸು ಅತ್ತಿತ್ತ ಆಗುತ್ತದೆ; 8 ನಿಮಿಷದಲ್ಲಿ ಅದು ಎರಡು-ಮೂರು ಸೆಕೆಂಡು. ಹೊಸಬರಲ್ಲಿ ಇನ್ನೂ ಹೆಚ್ಚು. ಹಾಗಾಗಿ 8 ನಿಮಿಷದಿಂದ 7 ನಿಮಿಷ 58 ಸೆಕೆಂಡಿಗೆ ಬಂದದ್ದು ಹಿಗ್ಗಬೇಕಾದ ಸುಧಾರಣೆಯೂ ಅಲ್ಲ, 8 ನಿಮಿಷ 2 ಸೆಕೆಂಡಿಗೆ ಹೋದದ್ದು ಕುಗ್ಗಬೇಕಾದ ಕುಸಿತವೂ ಅಲ್ಲ. ಇದಕ್ಕೆ ಹವೆಯನ್ನೂ ಸೇರಿಸಿ. ತೆಳುಗಾಳಿಯ ಲೆಕ್ಕವನ್ನು ಗಣಕ ಸರಿಪಡಿಸುತ್ತದೆ ಎಂದೆವು. ಬಿಸಿಗೆ ಬಳಲುವ ಮೈಯ ಲೆಕ್ಕವನ್ನು ಅದು ಸರಿಪಡಿಸದು. ಜನವರಿಯ ತಂಪು ಮುಂಜಾವಿನಲ್ಲಿ ಸ್ನಾಯುಗಳಿಗೆ ಹರಿಯುವ ರಕ್ತದ ಒಂದು ಪಾಲು ಮೇ ತಿಂಗಳ ಮಧ್ಯಾಹ್ನದಲ್ಲಿ ಮೈ ತಣಿಸಲು ಚರ್ಮದ ಕಡೆ ಹೊರಡುತ್ತದೆ. ಅದೇ ವಾಟ್‌ಗೆ ಎದೆಬಡಿತ ಏರುತ್ತದೆ. ಜನವರಿಯ ಅಂಕಿಯ ಪಕ್ಕದಲ್ಲಿ ಮೇ ತಿಂಗಳ ಅಂಕಿ ಇಟ್ಟು ಕೈಬಿಟ್ಟವನು ತನ್ನನ್ನು ಬಿಸಿಲಿನೊಡನೆ ಹೋಲಿಸಿಕೊಂಡಿರುತ್ತಾನೆ. ಅದೇ ಯಂತ್ರ, ಅದೇ ಹೊತ್ತು, ಅದೇ ದೂರ, ಊಟದಿಂದ ಅದೇ ಅಂತರ. ಹೀಗೆ ತೆರಬಂಡಿಯ ಶಿಸ್ತನ್ನು ತನ್ನ ಮೇಲೆಯೇ ಹೇರಿಕೊಂಡು ತಿಂಗಳಿಗೊಮ್ಮೆ ಬರೆದಿಟ್ಟ ಅಂಕಿಗಳು ಆರು ತಿಂಗಳಲ್ಲಿ ನಿಜವಾದ ಮಾತಾಡುತ್ತವೆ. ಇಬ್ಬರ ನಡುವಿನ ಹೋಲಿಕೆಯಲ್ಲಿ ತೊಡಕಾಗಿದ್ದ ತೂಕ, ಎತ್ತರ, ವಯಸ್ಸು, ಗಂಡು-ಹೆಣ್ಣು ಎಂಬ ಭೇದಗಳು ಒಬ್ಬರ ಎರಡು ಅಂಕಿಗಳ ನಡುವೆ ಬಹುಪಾಲು ಕರಗಿಹೋಗುತ್ತವೆ. ಯಂತ್ರ ಅತ್ಯಂತ ನಂಬಿಕಸ್ತವಾಗುವುದು ಅಲ್ಲಿ.

ಕೊನೆಯ ಆಕ್ಷೇಪ ಗರಡಿಯದು. ಮಣ್ಣಿನ ಕಣದಲ್ಲಿ ದಂಡ, ಬೈಠಕ್ ಹೊಡೆಸುವ ವಸ್ತಾದ ಯಾವ ಪರದೆಯನ್ನೂ ನೋಡದೆ ಹುಡುಗನ ಉಸಿರು, ಕಣ್ಣಿನ ಹೊಳಪು, ಕಾಲಿನ ನಡುಕ ನೋಡಿಯೇ ಇವತ್ತಿಗೆ ಸಾಕು ಎನ್ನುತ್ತಾನೆ. ಅಂಕಿ ಬಂದ ಮೇಲೆ ಈ ಕಣ್ಣು ಮಂಜಾಗದೇ? ಅಂಕಿಯನ್ನೇ ತೀರ್ಪು ಎಂದುಕೊಂಡರೆ ಖಂಡಿತ ಮಂಜಾಗುತ್ತದೆ. ಆದರೆ ವಸ್ತಾದನ ಕಣ್ಣು ಏನು ಮಾಡುತ್ತಿದೆ ನೋಡಿ. ಅದು ಹುಡುಗನನ್ನು ಪಕ್ಕದವನೊಡನೆ ಹೋಲಿಸುವುದಿಲ್ಲ, ನಿನ್ನೆಯ ಅದೇ ಹುಡುಗನೊಡನೆ ಹೋಲಿಸುತ್ತದೆ. ನಿದ್ದೆಗೆಟ್ಟಿದ್ದಾನೆಯೇ, ಹೊಟ್ಟೆಗೆ ಸರಿಯಾಗಿ ಬಿದ್ದಿದೆಯೇ ಎಂದು ಕಾರಣಗಳನ್ನು ಒಂದೊಂದಾಗಿ ಬದಿಗಿಡುತ್ತದೆ. ಒಳ್ಳೆಯ ಪ್ರಯೋಗ ಮಾಡುವುದೂ ಅಷ್ಟನ್ನೇ. ವಸ್ತಾದ ಇಲ್ಲದ ಊರಿನಲ್ಲಿ, ಒಂಟಿಯಾಗಿ ಹಿಡಿಕೆ ಹಿಡಿದು ಕೂತ ಹುಡುಗ ಅಥವಾ ಹುಡುಗಿಗೆ ಯಂತ್ರ ವಸ್ತಾದನ ಕಣ್ಣಿನ ಒಂದು ಪಾಲನ್ನು ಮಾತ್ರ ಕೊಡಬಲ್ಲದು. ಕಾರಣಗಳನ್ನು ಬದಿಗಿಡುವ ಪಾಲು ಅವರದೇ ಹೊಣೆ. ತೆರಬಂಡಿಯ ಕಣದಲ್ಲಿ ಟೇಪು ಬಿಚ್ಚುವುದು ಎಲ್ಲಕ್ಕಿಂತ ಕೊನೆಗೆ. ಹೇರು ಸರಿಯಿದೆಯೇ, ನೆಲ ಸಮವಿದೆಯೇ, ಗಡಿಯಾರ ಯಾರ ಕೈಯಲ್ಲಿದೆ ಎಂದು ಅದಕ್ಕೂ ಮೊದಲೇ ಹತ್ತು ಸಲ ನೋಡಿರುತ್ತಾರೆ. ಆಮೇಲೆ ಕೂಗಿ ಹೇಳಿದ ಅಡಿ-ಇಂಚನ್ನು ಸೋತ ಜೋಡಿಯ ಒಡೆಯನೂ ಮರುಮಾತಿಲ್ಲದೆ ಒಪ್ಪುವುದು ಆ ನೋಟದ ಬಲದಿಂದ.